ಗ್ರೀರ್ ಕೌಂಟಿ ಎಲ್ಲಿಗೆ ಹೋಯಿತು? ಒಂದು ತೆರಿಗೆ ರಸೀದಿಯ ಜಾಡು

ರಸೀದಿ ಅಂಗೈ ಅಗಲದ್ದು. ಮಡಿಕೆ ಬಿದ್ದ ಕಡೆ ಹರಿದಿತ್ತು, ಯಾರೋ ಹಿಂದಿನಿಂದ ಟೇಪ್ ಹಚ್ಚಿದ್ದರು. ಮೇಲೆ ಅಚ್ಚಿನಲ್ಲಿ ‘ಗ್ರೀರ್ ಕೌಂಟಿ, ಟೆಕ್ಸಾಸ್ ರಾಜ್ಯ’ ಅಂತ ಇತ್ತು. ಕೌಂಟಿ ಅಂದರೆ ಅಮೆರಿಕದಲ್ಲಿ ನಮ್ಮ ಜಿಲ್ಲೆಯ ಹಾಗೆ. ಇಸವಿ 1889. ಅದರ ಪಕ್ಕದಲ್ಲಿ ಮನೆಯ ಬೈಬಲ್ ಇಟ್ಟಿದ್ದರು. ಅದರ ಮೊದಲ ಹಾಳೆಯಲ್ಲಿ ಮನೆಮಂದಿಯ ಹುಟ್ಟುಸಾವು ಬರೆದಿಡುವುದು ಇಲ್ಲಿಯವರ ಹಳೇ ರೂಢಿ. 1891ರಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿನ ಹೆಸರಿನ ಮುಂದೆ ‘ಫ್ರೇಜರ್ ಹತ್ತಿರ, ಗ್ರೀರ್ ಕೌಂಟಿ, ಟೆಕ್ಸಾಸ್’ ಅಂತ ಇತ್ತು. ಅದೇ ಹೆಂಗಸಿನ ಮರಣ ಪತ್ರದಲ್ಲಿ ಹುಟ್ಟಿದ ಊರಿನ ಜಾಗದಲ್ಲಿ ಟೆಕ್ಸಾಸ್‌ನ ಉತ್ತರಕ್ಕಿರುವ ಪಕ್ಕದ ರಾಜ್ಯ ‘ಒಕ್ಲಹೋಮಾ’ ಅಂತ ಇತ್ತು.

ಇವನ್ನೆಲ್ಲ ಮುಂದಿಟ್ಟುಕೊಂಡು ಕೂತಿದ್ದವರು ಡಲ್ಲಾಸ್‌ನಲ್ಲಿ ನಮ್ಮ ಪಕ್ಕದ ಮನೆಯವರು, ಸುಮಾರು ಎಂಬತ್ತು ವರ್ಷದ ನಿವೃತ್ತ ಟೀಚರ್. ಮನೆಯಲ್ಲಿ ನಾವು ಅವರನ್ನು ಅಜ್ಜಿ ಅಂತಲೇ ಕರೆಯುತ್ತೇವೆ. ರಸೀದಿ ಅವರ ಮುತ್ತಜ್ಜನದು, ಬೈಬಲ್‌ನಲ್ಲಿದ್ದ ಮಗು ಅವರ ಅಜ್ಜಿ. ಮನೆತನದಲ್ಲಿ ಒಂದು ಕಥೆ ನಡೆದು ಬಂದಿದೆ: ಮುತ್ತಜ್ಜನಿಗೆ ಟೆಕ್ಸಾಸ್‌ನಲ್ಲಿ ಜಮೀನಿತ್ತು, ಆಮೇಲೆ ದೊಡ್ಡ ಸರ್ಕಾರ ಬಂದು ಕಿತ್ತುಕೊಂಡಿತು ಅಂತ. ನಿಜವಾ ಅಂತ ತಿಳಿಯುವುದು ಅವರ ಆಸೆ. ಒಂದು ಕಚೇರಿಗೆ ಪತ್ರ ಬರೆದಿದ್ದರು. ‘ಟೆಕ್ಸಾಸ್‌ನಲ್ಲಿ ಈ ಹೆಸರಿನ ಕೌಂಟಿ ಇಲ್ಲ’ ಅಂತ ಎರಡು ಸಾಲಿನ ಉತ್ತರ ಬಂದಿತ್ತು. ಇನ್ನೊಂದು ಕಡೆಯಿಂದ ‘1896ಕ್ಕಿಂತ ಹಿಂದಿನದು ನಮ್ಮಲ್ಲಿ ಸಿಗುವುದಿಲ್ಲ’ ಅಂತ ಬಂತು. ಎರಡೂ ಉತ್ತರ ಸುಳ್ಳಲ್ಲ. ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಇದು ನನಗೆ ಹೊಳೆದದ್ದು ಬುದ್ಧಿವಂತಿಕೆಯಿಂದಲ್ಲ, ಪೆಟ್ಟು ತಿಂದ ಅನುಭವದಿಂದ. ನಾವು ಬಳ್ಳಾರಿಯವರು, ತಾತನ ಊರು ರಾಯದುರ್ಗ. 1953ರ ಅಕ್ಟೋಬರ್ 1ರ ತನಕ ರಾಯದುರ್ಗ, ಆದೋನಿ, ಆಲೂರು ಮೂರೂ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಆ ದಿನ ಅವು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ತಾತನ ಕಾಲದ ಒಂದು ಇನಾಂ ಆದೇಶ ಬೇಕಾದಾಗ ಗಡಿಯ ಈ ಕಡೆಯವರು ಆ ಕಡೆ ಕೇಳಿ ಅಂದರು. ಆ ಕಡೆಯವರು ಈ ಕಡೆ ಕೇಳಿ ಅಂದರು. ಚಪ್ಪಲಿ ಸವೆಸಿದ್ದೇ ಬಂತು. ಕೊನೆಗೆ ಸಿಕ್ಕಿದ್ದು ಚೆನ್ನೈನ ಎಗ್ಮೋರಿನಲ್ಲಿರುವ ಹಳೇ ದಾಖಲೆ ಭಂಡಾರದಲ್ಲಿ. ಯಾಕೆಂದರೆ 1930ರ ಹೊತ್ತಿಗೆ ಆ ನೆಲ ಆಳುತ್ತಿದ್ದದ್ದು ಮದ್ರಾಸ್ ಸರ್ಕಾರ. ನೆಲ ಆಂಧ್ರಕ್ಕೆ ಹೋಯಿತು, ಕಾಗದ ಮದರಾಸಿನಲ್ಲೇ ಉಳಿಯಿತು. ಗಡಿ ತಕರಾರಿನ ಜಾಗದಲ್ಲಿ ‘ಈ ಊರು ಈಗ ಎಲ್ಲಿದೆ’ ಅಂತ ಹುಡುಕಿದರೆ ದಿಕ್ಕು ತಪ್ಪುತ್ತೇವೆ. ‘ಆ ವರ್ಷ ಇಲ್ಲಿ ಯಾರು ತೆರಿಗೆ ಎತ್ತುತ್ತಿದ್ದರು’ ಅಂತ ಕೇಳಬೇಕು. ಇಬ್ಬರು ಎತ್ತುತ್ತಿದ್ದರೆ ಇಬ್ಬರ ಮನೆ ಬಾಗಿಲೂ ತಟ್ಟಬೇಕು.

ಗ್ರೀರ್ ಕೌಂಟಿಯ ವಿಷಯದಲ್ಲಿ ಆಗಿದ್ದೂ ಇದೇ. ತೆರಿಗೆ ಎತ್ತಿದವರು ಒಬ್ಬರು, ಕೊನೆಗೆ ನೆಲ ಗೆದ್ದವರು ಇನ್ನೊಬ್ಬರು.

ಜಗಳದ ಬೇರು 1819ರಲ್ಲಿದೆ. ಆಗ ಟೆಕ್ಸಾಸ್ ಸ್ಪೇನ್‌ನದು. ಅಮೆರಿಕದ ಪರವಾಗಿ ಜಾನ್ ಕ್ವಿನ್ಸಿ ಆಡಮ್ಸ್, ಸ್ಪೇನ್ ಪರವಾಗಿ ಲೂಯಿಸ್ ದೆ ಓನಿಸ್ ಕೂತು ಫೆಬ್ರವರಿ 22ರಂದು ಒಪ್ಪಂದಕ್ಕೆ ಸಹಿ ಹಾಕಿದರು. ಗಡಿ ಹೇಗೆ ಹೋಗಬೇಕು ಅನ್ನೋದು ಅದರ ಮೂರನೇ ಕಲಮಿನಲ್ಲಿದೆ. ಸಬೀನ್ ನದಿಯ ಬಾಯಿಂದ ಶುರುವಾಗಿ ಮೇಲೆ ಬಂದು, ರೆಡ್ ರಿವರ್ ಸಿಕ್ಕಿದಲ್ಲಿ ಆ ನದಿಯ ಜಾಡು ಹಿಡಿದು ಪಶ್ಚಿಮಕ್ಕೆ ನೂರನೇ ರೇಖಾಂಶದವರೆಗೆ ಹೋಗಬೇಕು. ಅಲ್ಲಿ ನದಿ ದಾಟಿ ನೆಟ್ಟಗೆ ಉತ್ತರಕ್ಕೆ ತಿರುಗಬೇಕು. ಇದೆಲ್ಲ ಮೆಲಿಶ್ ಅನ್ನುವವರ ನಕ್ಷೆಯಲ್ಲಿ, 1818ರ ಜನವರಿ 1ರ ತನಕ ತಿದ್ದಿದ ಪ್ರತಿಯಲ್ಲಿ ತೋರಿಸಿರುವಂತೆ ಅಂತಲೂ ಸೇರಿಸಿದರು.

ಓದಿದರೆ ಎಲ್ಲ ನಿಖರವಾಗಿದೆ ಅನ್ನಿಸುತ್ತದೆ, ಅಲ್ವಾ? ಎಡವಟ್ಟು ಇರುವುದೇ ಇಲ್ಲಿ. ಜಾನ್ ಮೆಲಿಶ್ ಫಿಲಡೆಲ್ಫಿಯಾದಲ್ಲಿ ಕೂತು ನಕ್ಷೆ ಮಾಡುತ್ತಿದ್ದ ಸ್ಕಾಟ್ಲೆಂಡ್ ಮೂಲದವರು. ಆ ಪಶ್ಚಿಮದ ಬಯಲನ್ನು ಅವರು ನೋಡಿರಲಿಲ್ಲ. ನಕ್ಷೆಯಲ್ಲಿ ನೂರನೇ ರೇಖಾಂಶ ನಿಜವಾದ ಜಾಗಕ್ಕಿಂತ ತುಂಬಾ ಪೂರ್ವಕ್ಕೆ ಬಿದ್ದಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ನೆಲದ ಮೇಲೆ ರೆಡ್ ರಿವರ್ ಒಂದಲ್ಲ. ಈಗಿನ ವರ್ನನ್ ಊರಿನ ಉತ್ತರಕ್ಕೆ ಅದು ಎರಡು ಕವಲಾಗುತ್ತದೆ. ಉತ್ತರದ ಕವಲಿಗೆ ನಾರ್ತ್ ಫೋರ್ಕ್ ಅನ್ನುತ್ತಾರೆ. ದಕ್ಷಿಣದ್ದಕ್ಕೆ ಪ್ರೇರಿ ಡಾಗ್ ಟೌನ್ ಫೋರ್ಕ್ ಅಂತ ಉದ್ದದ ಹೆಸರು. ಒಪ್ಪಂದ ಬರೆದವರಿಗೆ ಎರಡು ಕವಲಿನ ಸುದ್ದಿಯೇ ಇರಲಿಲ್ಲ. ಎರಡು ಕವಲಿನ ನಡುವೆ, ನೂರನೇ ರೇಖಾಂಶದ ಪೂರ್ವಕ್ಕೆ, ತ್ರಿಕೋನದಂತೆ ಉಳಿದ ನೆಲ ಸುಮಾರು 15 ಲಕ್ಷ ಎಕರೆ. ಅದೇ ಗ್ರೀರ್ ಕೌಂಟಿ. ಮುಂದೆ ಟೆಕ್ಸಾಸ್ ಅಮೆರಿಕಕ್ಕೆ ಸೇರಿದ ಮೇಲೂ ಗಡಿ ಅದೇ ಉಳಿಯಿತು, ಜಗಳ ರಾಜ್ಯಕ್ಕೂ ಕೇಂದ್ರಕ್ಕೂ ಆಯಿತು. ಉತ್ತರದ ಕವಲೇ ರೆಡ್ ರಿವರ್ ಅಂದರೆ ಅದು ಟೆಕ್ಸಾಸ್‌ಗೆ. ದಕ್ಷಿಣದ ಕವಲು ಅಂದರೆ ಅಮೆರಿಕ ಕೇಂದ್ರ ಸರ್ಕಾರಕ್ಕೆ.

ಅಪ್ಪ ತಾಲ್ಲೂಕು ಸರ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಫೋನಿನಲ್ಲಿ ಇದನ್ನು ಹೇಳಿದಾಗ ನಕ್ಕರು. “ಅಲ್ಲೋ, ನದಿ ಯಾವ್ದು ಅಂತ ಗೊತ್ತಿಲ್ದೆ ಗಡಿ ಹಾಕಿದ್ರಾ? ಕೂಡ್ಲಿಗೆ ಹೋಗಿ ತುಂಗೆ ದೊಡ್ಡದೋ ಭದ್ರೆ ದೊಡ್ಡದೋ ಅಂತ ಕೇಳಿದ ಹಾಗಾಯ್ತು” ಅಂದರು. ನಮ್ಮವರು ಆ ಜಗಳವೇ ಬೇಡ ಅಂತ ಎರಡೂ ಹೆಸರು ಕೂಡಿಸಿ ತುಂಗಭದ್ರೆ ಮಾಡಿಬಿಟ್ಟರು. ಅಮೆರಿಕದವರಿಗೆ ಆ ಉಪಾಯ ಹೊಳೆಯಲಿಲ್ಲ. ಆಮೇಲೆ ಅಪ್ಪ ಸರ್ವೆಯವರ ಪ್ರಶ್ನೆಯನ್ನೇ ಕೇಳಿದರು: “ಬಾಂದುಕಲ್ಲು ಎಲ್ಲಿ ನೆಟ್ರು? ಯಾರು ನೆಟ್ರು?” ಅದೇ ಹಿಡಿಯಬೇಕಾದ ಎಳೆ ಅಂತ ಆಮೇಲೆ ಗೊತ್ತಾಯಿತು.

1852ರಲ್ಲಿ ಕ್ಯಾಪ್ಟನ್ ರ್‍ಯಾಂಡಾಲ್ಫ್ ಮಾರ್ಸಿ ಸೈನ್ಯದ ಒಂದು ತುಕಡಿ ಕಟ್ಟಿಕೊಂಡು ನದಿಯ ಮೂಲ ಹುಡುಕಿಕೊಂಡು ಹೋದರು. ಜೊತೆಗಿದ್ದದ್ದು ಜಾರ್ಜ್ ಮೆಕ್‌ಕ್ಲೆಲನ್. ಮುಂದೆ ಅಂತರ್ಯುದ್ಧದ ದೊಡ್ಡ ಜನರಲ್ ಆದವರು, ಮಾರ್ಸಿಯ ಅಳಿಯನೂ ಆದರು. ನೂರನೇ ರೇಖಾಂಶ ಎಲ್ಲಿ ಅಂತ ಮೆಕ್‌ಕ್ಲೆಲನ್ ಹಾಕಿದ ಲೆಕ್ಕ ತಪ್ಪಿ, ಅದೂ ಪೂರ್ವಕ್ಕೇ ಬಿತ್ತು. 1850ರ ದಶಕದ ಕೊನೆಯಲ್ಲಿ ಜೋನ್ಸ್ ಮತ್ತು ಬ್ರೌನ್ ಅನ್ನುವ ಸರ್ವೆಯರ್‌ಗಳು ಕೇಂದ್ರ ಸರ್ಕಾರದ ಪರವಾಗಿ ಮತ್ತೆ ಅಳೆದು ದಕ್ಷಿಣದ ಕವಲಿನ ಹತ್ತಿರ ಗುರುತು ನೆಟ್ಟರು. ಟೆಕ್ಸಾಸ್ ಒಪ್ಪಲಿಲ್ಲ. ಹದ್ದುಬಸ್ತಿಗೆ ತನ್ನವರನ್ನೂ ಕಳಿಸಿತು. ಜಗಳ ಮುಗಿಯುವ ಮೊದಲೇ 1860ರ ಫೆಬ್ರವರಿ 8ರಂದು ಅದರ ಶಾಸನಸಭೆ ಆ ತ್ರಿಕೋನಕ್ಕೆ ಗ್ರೀರ್ ಕೌಂಟಿ ಅಂತ ಹೆಸರಿಟ್ಟುಬಿಟ್ಟಿತು. ಹೆಸರು ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಜಾನ್ ಗ್ರೀರ್ ಅವರದ್ದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಈ ಇಬ್ಬರೂ ಹೊಡೆದಾಡುತ್ತಿದ್ದ ನೆಲದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಕಯೋವಾ, ಕೊಮಾಂಚಿ ಜನ ಓಡಾಡಿಕೊಂಡಿದ್ದರು. 1867ರ ಮೆಡಿಸಿನ್ ಲಾಡ್ಜ್ ಒಪ್ಪಂದದಲ್ಲಿ ಅವರಿಗೆ ಗೊತ್ತುಮಾಡಿದ ಪ್ರದೇಶದ ಪಶ್ಚಿಮದ ಎಲ್ಲೆ ಅಂತ ಹಾಕಿದ್ದು ನಾರ್ತ್ ಫೋರ್ಕ್ ಅನ್ನೇ. ಗಡಿ ಕಡತಗಳಲ್ಲಿ ಅವರ ಮಾತು ಬೇಕು ಅಂತ ಹುಡುಕಿದರೆ ನಿರಾಸೆಯಾಗುತ್ತದೆ. ಒಕ್ಲಹೋಮಾ ಸಿಟಿಯ ಹಿಸ್ಟಾರಿಕಲ್ ಸೊಸೈಟಿಯಲ್ಲಿ, ಆ ಜನರ ಉಸ್ತುವಾರಿಗೆ ಸರ್ಕಾರ ಇಟ್ಟಿದ್ದ ಕಯೋವಾ ಏಜೆನ್ಸಿಯ ಕಾಗದಗಳಿವೆ. ಅವೂ ಹೆಚ್ಚಾಗಿ ಏಜೆಂಟರು ಬರೆದ ಕಾಗದಗಳೇ.

ಇನ್ನು ಮುತ್ತಜ್ಜನ ಕಾಲಕ್ಕೆ ಬರೋಣ. 1879ರಲ್ಲಿ ಟೆಕ್ಸಾಸ್ ಗ್ರೀರ್‌ನ ಅರ್ಧ ನೆಲವನ್ನು ಶಾಲೆಗಳಿಗೆ, ಉಳಿದರ್ಧವನ್ನು ಸಾಲ ತೀರಿಸಲು ಅಂತ ಎತ್ತಿಟ್ಟಿತು. ತನ್ನ ಹಳೇ ಯೋಧರಿಗೂ ಅಲ್ಲಿ ಜಮೀನಿನ ಸರ್ಟಿಫಿಕೇಟ್ ಕೊಟ್ಟಿತು. ಹಾಗೆ ಪಡೆದವರಲ್ಲಿ ಒಬ್ಬರು ಎ. ಎಸ್. ಮ್ಯಾಂಗಮ್. ಅವರ ಜಮೀನಿನ ಮೇಲೆ ಎದ್ದ ಊರಿಗೇ ಮ್ಯಾಂಗಮ್ ಅಂತ ಹೆಸರು ಬಂತು. 1886ರಲ್ಲಿ ಕೌಂಟಿಯ ಆಡಳಿತ ಶುರುವಾದಾಗ ಅದೇ ಕೇಂದ್ರವೂ ಆಯಿತು. ಅಂದರೆ ಮುಂದೆ ಬೆಲೆ ಇಲ್ಲದೆ ಹೋದ ಒಂದು ಹಕ್ಕುಪತ್ರದ ಮೇಲೆ ಇಡೀ ಊರೇ ನಿಂತಿದೆ. ಈಗಲೂ ನಿಂತಿದೆ.

ಆ ಕಡೆ ವಾಷಿಂಗ್ಟನ್ ಸುಮ್ನೆ ಇರಲಿಲ್ಲ. ಅಧ್ಯಕ್ಷ ಆರ್ಥರ್ 1884ರ ಜುಲೈ 1ರಂದು, ಕ್ಲೀವ್‌ಲ್ಯಾಂಡ್ 1887ರ ಡಿಸೆಂಬರ್ 30ರಂದು, ಈ ಜಾಗ ತಕರಾರಿನಲ್ಲಿದೆ, ಯಾರೂ ಬಂದು ನೆಲೆಸಬೇಡಿ ಅಂತ ಘೋಷಣೆ ಹೊರಡಿಸಿದರು. ಅದೇ ಕೇಂದ್ರ ಸರ್ಕಾರದ ಅಂಚೆ ಇಲಾಖೆ ಮಾತ್ರ ಅಲ್ಲಿ ಅಂಚೆ ಕಚೇರಿ ತೆರೆದು ‘ಗ್ರೀರ್ ಕೌಂಟಿ, ಟೆಕ್ಸಾಸ್’ ಅಂತ ಪಟ್ಟಿಯಲ್ಲಿ ಬರೆದುಕೊಂಡಿತು! ಎಡಗೈ ಮಾಡಿದ್ದು ಬಲಗೈಗೆ ಗೊತ್ತಿಲ್ಲ. ಜನ ಘೋಷಣೆ ಓದಲಿಲ್ಲ, ಅಂಚೆ ಕಚೇರಿ ನೋಡಿದರು. ಬಂದರು, ಗುಂಡಿ ತೋಡಿ ಮನೆ ಮಾಡಿಕೊಂಡರು, ಟೆಕ್ಸಾಸ್‌ಗೆ ತೆರಿಗೆ ಕಟ್ಟಿದರು. ಆ ಮರವಿಲ್ಲದ ಬಯಲಿನಲ್ಲಿ ನೆಲದೊಳಗೆ ಅರ್ಧ ಇಳಿದ ಮನೆಗಳೇ ಜಾಸ್ತಿ. ಅಜ್ಜಿಯ ಅಜ್ಜಿ ಹುಟ್ಟಿದ 1891ರಲ್ಲೇ ಫ್ರೇಜರ್ ಊರು ಹೊಳೆಯ ಪ್ರವಾಹಕ್ಕೆ ಸಿಕ್ಕಿತು. ಜನ ಎತ್ತರದ ಜಾಗಕ್ಕೆ ಹೋಗಿ ಲ್ಯಾಟಿನ್‌ನಲ್ಲಿ ‘ಎತ್ತರ’ ಅನ್ನುವ ಅರ್ಥದ ಆಲ್ಟಸ್ ಅನ್ನೋ ಹೆಸರಿನಲ್ಲಿ ಹೊಸ ಊರು ಕಟ್ಟಿದರು. ಹಾಗಾಗಿ ‘ಫ್ರೇಜರ್’ ಅಂತ ಮಾತ್ರ ಹುಡುಕುತ್ತಾ ಕೂತರೆ ದಾಖಲೆ 1891ಕ್ಕೇ ನಿಂತುಬಿಡುತ್ತದೆ. ಅಜ್ಜಿ ಅಲ್ಲೇ ನಿಂತಿದ್ದರು.

ಇಲ್ಲಿಂದ ನಮ್ಮ ಹುಡುಕಾಟ ಬೇರೆ ದಾರಿ ಹಿಡಿಯಿತು. ನನ್ನ ಲೆಕ್ಕಕ್ಕೆ ಗಡಿ ವ್ಯಾಜ್ಯ ಕೋರ್ಟಿಗೆ ಹೋಗಿದ್ದರೆ ಅದು ಹುಡುಕುವವರ ಪುಣ್ಯ. ಯಾಕೆ ಅಂದರೆ ಎರಡೂ ಕಡೆಯ ವಕೀಲರು ನಮ್ಮ ಪರವಾಗಿ ಹತ್ತಾರು ವರ್ಷದ ಕಾಗದ ಹೆಕ್ಕಿ ಒಂದೇ ಕಡೆ ಪೇರಿಸಿರುತ್ತಾರೆ. ಗ್ರೀರ್ ವಿಷಯದಲ್ಲಿ 1886ರಲ್ಲಿ ಜಂಟಿ ಕಮಿಷನ್ ಕೂತಿತು, ಒಮ್ಮತ ಬರಲಿಲ್ಲ. 1890ರ ಮೇ 2ರ ಒಕ್ಲಹೋಮಾ ಕಾಯ್ದೆಯಲ್ಲೇ ಅಮೆರಿಕದ ಸಂಸತ್ತು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ಯಿರಿ ಅಂತ ಸರ್ಕಾರಿ ವಕೀಲರಿಗೆ ಹೇಳಿತು. ಕೇಂದ್ರ ಸರ್ಕಾರ ಒಂದು ರಾಜ್ಯದ ಮೇಲೆ ನೇರ ಸುಪ್ರೀಂ ಕೋರ್ಟಿನಲ್ಲೇ ದಾವೆ ಹಾಕಬಹುದಾ ಅನ್ನೋ ಮೊದಲ ಪ್ರಶ್ನೆಗೇ ಎರಡು ವರ್ಷ ಹೋಯಿತು. 1892ರಲ್ಲಿ ‘ಹಾಕಬಹುದು’ ಅಂತ ತೀರ್ಪಾಯಿತು. ನಮ್ಮ ಸಂವಿಧಾನದ 131ನೇ ವಿಧಿ ಇದೇ ಜಾತಿಯದು. 2004ರಲ್ಲಿ ಮಹಾರಾಷ್ಟ್ರ ಬೆಳಗಾವಿ ವಿಷಯ ಹಿಡಿದುಕೊಂಡು ಹೋದದ್ದೂ ಅದೇ ಬಾಗಿಲಿಗೆ. 1896ರ ಮಾರ್ಚ್ 16ರಂದು ಗ್ರೀರ್‌ನ ಅಂತಿಮ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಹಾರ್ಲನ್.

ಆ ತೀರ್ಪು ಯಾರು ಬೇಕಾದರೂ ಓದಬಹುದು. ಅಮೆರಿಕ ಸುಪ್ರೀಂ ಕೋರ್ಟ್ ವರದಿಗಳ 162ನೇ ಸಂಪುಟ, ಮೊದಲ ಪುಟದಿಂದಲೇ. ಉದ್ದವಾಗಿದೆ, ನಿಧಾನಕ್ಕೆ ಓದಬೇಕು. ನಾನು ಎರಡು ರಾತ್ರಿ ಓದಿದೆ. ಕೇಸ್ ಏನಾಯಿತು ಅನ್ನೋದಕ್ಕಿಂತ ಯಾವ್ಯಾವ ಕಾಗದ ಮುಂದಿಟ್ಟರು ಅನ್ನೋದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದೆ. ಒಪ್ಪಂದ, ನಕ್ಷೆ, ಮಾರ್ಸಿಯ ವರದಿ, ಸರ್ವೆ ಟಿಪ್ಪಣಿ, ಅಂಚೆ ಮಾರ್ಗಗಳ ವಿವರ, ಟೆಕ್ಸಾಸ್ ಮಾಡಿದ ಕಾನೂನು. ಹೀಗೆ ಒಂದೊಂದು ಗುರುತೂ ಒಂದೊಂದು ಕಚೇರಿಯ ವಿಳಾಸ ಆಯಿತು. ತೀರ್ಪಿನಲ್ಲಿ ಬರೀ ಸಾರ ಇರುತ್ತದೆ. ಅದರ ಹಿಂದಿನ ಕಡತ ಬೇಕೆಂದರೆ ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸುಪ್ರೀಂ ಕೋರ್ಟ್ ದಾಖಲೆಗಳ 267ನೇ ಗುಂಪು ಕೇಳಬೇಕು. ಹೆಸರು ಹೇಳಿದರೆ ಸಾಲದು, ಮೂಲ ದಾವೆ ಅಂತ ಹೇಳಬೇಕು. ಮೇಲ್ಮನವಿಗಳ ಜೊತೆ ಅದನ್ನು ಇಡುವುದಿಲ್ಲ.

ಕೋರ್ಟ್ ಹೇಳಿದ್ದು ಇಷ್ಟು. ನದಿಯ ಜಾಡು ಹಿಡಿದು ಪಶ್ಚಿಮಕ್ಕೆ ಅಂತ ಒಪ್ಪಂದದಲ್ಲಿದೆ. ಪಶ್ಚಿಮಕ್ಕೆ ಹೋಗುವುದು ದಕ್ಷಿಣದ ಕವಲು, ಉತ್ತರದ್ದು ವಾಯವ್ಯಕ್ಕೆ ತಿರುಗುತ್ತದೆ. ಮೆಲಿಶ್ ನಕ್ಷೆಯ ನೂರನೇ ರೇಖೆ ತಪ್ಪಾದರೂ ಅದನ್ನೇ ಹಿಡಿಯಬೇಕು ಅನ್ನೋ ವಾದ ನಡೆಯುವುದಿಲ್ಲ. ನೆಲದ ಮೇಲೆ ಅಳೆದು ಗುರುತು ಹಾಕಿ ಅಂತ ಒಪ್ಪಂದವೇ ಹೇಳಿದೆ, ಹಾಗಾಗಿ ನಿಜವಾದ ರೇಖಾಂಶವೇ ಗಡಿ. ಅಂಚೆ ಕಚೇರಿ ತೆರೆದಿದ್ದಕ್ಕೆ ಹಕ್ಕು ಬಿಟ್ಟುಕೊಟ್ಟ ಹಾಗಾಗುವುದಿಲ್ಲ. ಟೆಕ್ಸಾಸ್ ಸೋತಿತು.

ಮೆಲಿಶ್ ನಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲಿ ಅದನ್ನು ದೊಡ್ಡದು ಮಾಡಿ ನೋಡಬಹುದು, ನೋಡಲೇಬೇಕು. ಆದರೆ ಅದೇ ತಾಮ್ರದ ತಗಡನ್ನು ತಿದ್ದಿ ತಿದ್ದಿ ಮೆಲಿಶ್ ಹಲವು ಸಲ ಅಚ್ಚು ಹಾಕಿದ್ದರು. ಮೊದಲು ಬಂದದ್ದು 1816ರಲ್ಲಿ. ಹೊರಗಿಂದ ನೋಡಿದರೆ ಎಲ್ಲ ಒಂದೇ ನಕ್ಷೆ, ಒಳಗೆ ಸಣ್ಣಪುಟ್ಟ ವ್ಯತ್ಯಾಸ. ಮೊದಲು ನಾನು ಇಳಿಸಿಕೊಂಡದ್ದು 1816ರದ್ದು, ಒಪ್ಪಂದದಲ್ಲಿರುವುದು 1818ರದ್ದು. ಒಂದು ಭಾನುವಾರ ಪೂರ್ತಿ ತಪ್ಪು ಪ್ರತಿಯ ಮೇಲೆ ಗೀಟು ಎಳೆದಿದ್ದೆ. ನಮ್ಮ ರೆಕಾರ್ಡ್ ರೂಮಿನಲ್ಲಿ ಮೂಲ ಟಿಪ್ಪಣಿ ಬಿಟ್ಟು ಹೊಸ ನಕಲು ಹಿಡಿದು ವಾದ ಮಾಡುವವರನ್ನು ಕಂಡು ಅಪ್ಪ ಸಿಡುಕುತ್ತಿದ್ದರು. ಅದು ನೆನಪಾಯಿತು.

ತೀರ್ಪು ಬಂತು, ಜನ ಏನಾದರು? ಅಜ್ಜಿಯ ಮನೆ ಕಥೆ ಮುರಿದದ್ದು ಇಲ್ಲಿ. 1896ರ ಮೇ 4ರ ಕಾಯ್ದೆ ಗ್ರೀರ್ ಅನ್ನು ಒಕ್ಲಹೋಮಾದ ಕೌಂಟಿ ಮಾಡಿತು. 1897ರ ಜನವರಿ 18ರ ಕಾಯ್ದೆ ಅಲ್ಲಿ ನೆಲೆಸಿದ್ದವರ ಕೈಹಿಡಿಯಿತು. ತೀರ್ಪಿನ ದಿನ, ಅಂದರೆ 1896ರ ಮಾರ್ಚ್ 16ರಂದು, ಯಾರು ನಿಜವಾಗಿ ಆ ನೆಲದ ಮೇಲೆ ವಾಸವಿದ್ದರೋ ಅವರಿಗೆ 160 ಎಕರೆ ಬಿಟ್ಟಿಯಾಗಿ. ಬೇಕಿದ್ದರೆ ಇನ್ನೂ 160 ಎಕರೆ, ಎಕರೆಗೆ ಒಂದು ಡಾಲರ್‌ನಂತೆ. ಮ್ಯಾಂಗಮ್‌ನಲ್ಲಿ ಜಮೀನು ಕಚೇರಿ ತೆರೆಯಿತು.

ಇದರಲ್ಲಿ ಹುಡುಕುವವರಿಗೆ ಒಂದು ದೊಡ್ಡ ಲಾಭ ಇದೆ. ಆ ದಿನ ಅಲ್ಲಿದ್ದೆ ಅಂತ ತೋರಿಸದೆ ಜಮೀನು ಸಿಗುತ್ತಿರಲಿಲ್ಲ. ಅಂದಮೇಲೆ ಟೆಕ್ಸಾಸ್ ಕಾಲದ ಬದುಕನ್ನೆಲ್ಲ ಜನ ಅಮೆರಿಕದ ಕಚೇರಿಯಲ್ಲಿ ಪ್ರಮಾಣ ಮಾಡಿ ಹೇಳಿದ್ದಾರೆ. ಟೆಕ್ಸಾಸ್ ಕಾಗದ ಸಿಗದೆ ಹೋದರೂ ಅದರ ನೆರಳು ಇಲ್ಲಿ ಸಿಗುತ್ತದೆ.

ಹುಡುಕುವ ಕ್ರಮ ಹೀಗಾಯಿತು. ಕೇಂದ್ರ ಭೂ ನಿರ್ವಹಣಾ ಇಲಾಖೆಯ ತಾಣದಲ್ಲಿ ಹಳೇ ಹಕ್ಕುಪತ್ರಗಳನ್ನು ಹೆಸರು ಹಾಕಿ ಹುಡುಕಬಹುದು, ದುಡ್ಡಿಲ್ಲ. ಅಲ್ಲಿ ಮುತ್ತಜ್ಜನ ಹೆಸರು ಒಂದು ಅಕ್ಷರ ವ್ಯತ್ಯಾಸದಲ್ಲಿ ಸಿಕ್ಕಿತು. ಹಕ್ಕುಪತ್ರ ಒಂದೇ ಹಾಳೆ, ಕಥೆ ಏನೂ ಇರುವುದಿಲ್ಲ. ಅದರಲ್ಲಿರುವ, ಜಮೀನು ಯಾವ ಚೌಕದಲ್ಲಿದೆ ಅಂತ ಹೇಳುವ ಟೌನ್‌ಶಿಪ್, ರೇಂಜ್, ಸೆಕ್ಷನ್ ಅಂಕಿಗಳನ್ನು ಹಿಡಿದು ನ್ಯಾಷನಲ್ ಆರ್ಕೈವ್ಸ್‌ನಿಂದ ಜಮೀನು ಅರ್ಜಿಯ ಪೂರ್ತಿ ಕಡತ ತರಿಸಬೇಕು. ಇದು ಕೇಂದ್ರ ಸರ್ಕಾರದ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ 49ನೇ ಗುಂಪಿನಲ್ಲಿದೆ. ಈ ಅಂಕಿಗಳಿಗೂ ಟೆಕ್ಸಾಸ್ ಕಾಲದ ಅಳತೆಗೂ ಸಂಬಂಧವೇ ಇಲ್ಲ. ಟೆಕ್ಸಾಸ್ ಅಳೆಯುತ್ತಿದ್ದದ್ದು ಸ್ಪೇನ್ ಬಿಟ್ಟುಹೋದ ‘ವಾರಾ’ದಲ್ಲಿ, ಒಂದು ವಾರಾ ಅಂದರೆ ಮೂವತ್ತಮೂರೂಕಾಲು ಇಂಚಿಗಿಂತ ಒಂದು ಕೂದಲು ಜಾಸ್ತಿ. ಅಮೆರಿಕ ಬಂದ ಮೇಲೆ ಎಲ್ಲವನ್ನೂ ಅಲ್ಲಿನ ಸರ್ವೆಯ ಮೂಲ ಗೆರೆಯಾದ ಇಂಡಿಯನ್ ಮೆರಿಡಿಯನ್‌ನಿಂದ ಮೈಲಿ ಲೆಕ್ಕದ ಚೌಕ ಹಾಕಿ ಹೊಸದಾಗಿ ಅಳೆದರು. ಹಳೇ ಸರ್ವೆ ನಂಬರ್ ಹೊಸ ನಂಬರಿಗೆ ಹೊಂದಿಸುವ ಆಕಾರ್‌ಬಂದ್ ತರಹದ ಪುಸ್ತಕ ಇಲ್ಲಿ ಇರಬಹುದು ಅಂತ ನಾನು ಒಂದು ವಾರ ಹುಡುಕಿದ್ದು ದಂಡ. ಹೊಂದಿಸುವ ಕೊಂಡಿ ಮನುಷ್ಯನ ಹೆಸರು, ಇಲ್ಲಾ ಹೊಳೆಯ ಹೆಸರು.

ಕಡತ ಬರುವ ತನಕ ಸುಮ್ನೆ ಕೂರುವ ಬದಲು ಹಳೇ ಪತ್ರಿಕೆ ನೋಡಿದೆವು. ಟೆಕ್ಸಾಸ್ ಹಿಸ್ಟರಿ ಪೋರ್ಟಲ್, ಒಕ್ಲಹೋಮಾ ಹಿಸ್ಟರಿ ಗೇಟ್‌ವೇ ಎರಡೂ ಬಿಟ್ಟಿಯೇ. ಗ್ರೀರ್ ಅಂತ ಹಾಕಿದರೆ ಆ ಹೆಸರಿನ ಮನುಷ್ಯರೆಲ್ಲ ಬಂದು ಸಾಲುಗಟ್ಟುತ್ತಾರೆ. ಮ್ಯಾಂಗಮ್, ಫ್ರೇಜರ್, ನವಾಜೋ ಅಂತ ಆಗಿನ ಊರುಗಳ ಹೆಸರು ಹಾಕಬೇಕು. ಅಜ್ಜಿ ಇದರಲ್ಲಿ ನನಗಿಂತ ಚುರುಕು. ಪತ್ರಿಕೆಯ ಜಾಹೀರಾತನ್ನೂ ಬಿಡದೆ ಓದಿದರು.

ಕಡತ ಬಂತು, ಮೂವತ್ತು ಚಿಲ್ಲರೆ ಹಾಳೆ. ಮುತ್ತಜ್ಜ ಪ್ರಮಾಣ ಮಾಡಿ ಹೇಳಿದ್ದ: 1887ರಿಂದ ಇಲ್ಲಿದ್ದೇನೆ. ಹದಿನಾಲ್ಕು ಅಡಿಗೆ ಹದಿನಾರು ಅಡಿ, ನೆಲದೊಳಗಿನ ಮನೆ. ಒಂದು ಬಾವಿ, ಕೋಳಿಗೂಡು, ಮುಳ್ಳುತಂತಿ ಬೇಲಿ. ಇದ್ದವನಿಂದ ಈ ಜಾಗ ಬಿಡಿಸಿಕೊಂಡಿದ್ದು ಒಂದು ಜೊತೆ ಹೇಸರಗತ್ತೆ ಕೊಟ್ಟು. ಸಾಕ್ಷಿ ಹೇಳಿದ ಇಬ್ಬರು ಅಕ್ಕಪಕ್ಕದವರು. ಇಬ್ಬರಲ್ಲಿ ಒಬ್ಬನಿಗೆ ಸಹಿ ಬರುತ್ತಿರಲಿಲ್ಲ, ಅಡ್ಡಗೀಟಿನ ಗುರುತು ಹಾಕಿದ್ದ. ಕೊನೆಯಲ್ಲಿ 160 ಎಕರೆ ಮಂಜೂರು.

ಅಜ್ಜಿ ಅದನ್ನು ಎರಡು ಸಲ ಓದಿದರು. “ಹಾಗಾದರೆ ಕಿತ್ತುಕೊಂಡಿದ್ದು ಯಾವುದನ್ನು?” ಅಂದರು. ನಾನು ರಸೀದಿಯನ್ನು ಮತ್ತೆ ಮುಂದಿಟ್ಟೆ. ಮೊದಲ ದಿನದಿಂದ ನಮ್ಮ ಮೇಜಿನ ಮೇಲೇ ಇದ್ದ ಕಾಗದ. ಅದರಲ್ಲಿ ತೆರಿಗೆ ಯಾವುದಕ್ಕೆ ಅಂತ ಸಾಲು ಸಾಲಾಗಿ ಇತ್ತು. ಕುದುರೆ 3, ದನ 11, ಗಾಡಿ 1. ಎಕರೆ ಅನ್ನೋ ಜಾಗದಲ್ಲಿ ಒಂದು ಗೀಟು. ನಾವಿಬ್ಬರೂ ಕೌಂಟಿಯ ಹೆಸರನ್ನೇ ನೋಡುತ್ತಾ ಆ ಗೀಟನ್ನು ನೋಡಿಯೇ ಇರಲಿಲ್ಲ. ಟೆಕ್ಸಾಸ್ ಕಾಲದಲ್ಲಿ ಅವನ ಹೆಸರಿನಲ್ಲಿ ಜಮೀನಿಗೆ ತೆರಿಗೆಯೇ ಇರಲಿಲ್ಲ. ಕೂತಿದ್ದ ಅಷ್ಟೇ. ಹಕ್ಕು ಅಂತ ಮೊದಲು ಬಂದದ್ದು ಟೆಕ್ಸಾಸ್ ಸೋತ ಮೇಲೆ, ಕಿತ್ತುಕೊಂಡಿತು ಅಂತ ಮೂರು ತಲೆಮಾರು ಬೈದ ಸರ್ಕಾರದಿಂದಲೇ. ಆ ಬೈಗುಳ ಎಲ್ಲಿಂದ ಬಂತು ಅಂತ ಅಜ್ಜಿ ತುಂಬ ಹೊತ್ತು ಯೋಚಿಸಿದರು. ಟೆಕ್ಸಾಸ್ ಸರ್ಟಿಫಿಕೇಟ್ ಕೊಂಡು ನಿಜವಾಗಿ ಕಳೆದುಕೊಂಡವರು ಆ ಊರಲ್ಲಿ ಇದ್ದೇ ಇದ್ದರು. ಅವರ ಸಿಟ್ಟು ಇವರ ಮನೆಗೂ ಬಂದಿರಬೇಕು ಅನ್ನೋದು ನನ್ನ ಊಹೆ. ಊಹೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ ಅಂತ ಅಜ್ಜಿಗೆ ಹೇಳಿದ್ದೇನೆ.

ಇಂಥದ್ದೇ ಹುಡುಕಾಟ ಇರುವವರಿಗೆ ಇನ್ನೆರಡು ಮಾತು. 1896ಕ್ಕೆ ಮುಂಚಿನ ಜಮೀನು ಸರ್ಟಿಫಿಕೇಟ್, ಶಾಲಾ ಜಮೀನಿನ ಕಾಗದ ಅಂದರೆ ಆಸ್ಟಿನ್‌ನ ಟೆಕ್ಸಾಸ್ ಜನರಲ್ ಲ್ಯಾಂಡ್ ಆಫೀಸ್. ಟೆಕ್ಸಾಸ್ ಕೌಂಟಿಗಳ ತೆರಿಗೆ ಪಟ್ಟಿಯ ಒಂದು ಪ್ರತಿ ಆಸ್ಟಿನ್‌ಗೆ ಹೋಗುತ್ತಿತ್ತು, ಅದನ್ನೂ ಕೇಳಿ. ಸೋತವರ ಭಂಡಾರ ಅಂತ ಬಿಡಬೇಡಿ. ಸೋತವರೇ ಕೆಲವು ಸಲ ಕಾಗದ ಚೆನ್ನಾಗಿ ಕಾಪಾಡುತ್ತಾರೆ. ಆಮೇಲಿನದು ಬೇಕಿದ್ದರೆ ಹಳೇ ಗ್ರೀರ್ ಒಡೆದು ಹೋಳಾಗಿದೆ ಅನ್ನೋದು ನೆನಪಿರಲಿ. 1907ರಲ್ಲಿ ಒಕ್ಲಹೋಮಾ ರಾಜ್ಯವಾದಾಗ ಜಾಕ್ಸನ್ ಕೌಂಟಿ ಬೇರೆಯಾಯಿತು, ಉತ್ತರದ ತುಂಡು ಬೆಕಮ್‌ಗೆ ಸೇರಿತು, 1909ರಲ್ಲಿ ಹಾರ್ಮನ್ ಹುಟ್ಟಿತು. ಆಲ್ಟಸ್ ಈಗ ಜಾಕ್ಸನ್‌ನ ಕೇಂದ್ರ. ಮ್ಯಾಂಗಮ್ ಮಾತ್ರ ಉಳಿದ ಪುಟ್ಟ ಗ್ರೀರ್‌ನಲ್ಲಿದೆ. 1890ರ ಜನಗಣತಿ ಹಾಳೆಗಳನ್ನು ನಂಬಿಕೊಂಡು ಕೂರಬೇಡಿ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಇಡೀ ದೇಶದ್ದೇ ಬಹುಪಾಲು ಹಾಳಾಯಿತು.

ಹೋದ ತಿಂಗಳು ಅಜ್ಜಿ ಮತ್ತೆ ಬಾಗಿಲು ತಟ್ಟಿದರು. ಕೈಯಲ್ಲಿ ಇನ್ನೊಂದು ಕವರ್, ಈ ಸಲ ಗಂಡನ ಕಡೆಯದು. ಹಾರ್ಮನ್ ಕೌಂಟಿಯ ಪಶ್ಚಿಮದ ಅಂಚಿನಲ್ಲಿ ಒಂದು ಹೊಲ, 1925ರ ಪತ್ರದಲ್ಲಿ ಒಕ್ಲಹೋಮಾ, 1932ರ ಪತ್ರದಲ್ಲಿ ಟೆಕ್ಸಾಸ್. ಈ ಸಲ ನನಗೆ ನಗು ಬಂತು. ನದಿಯ ಜಗಳ ಮುಗಿದ ಮೇಲೆ ನೂರನೇ ರೇಖಾಂಶದ ಜಗಳ ಬಾಕಿ ಇತ್ತಲ್ಲ. ಸ್ಯಾಮ್ಯುಯೆಲ್ ಗ್ಯಾನೆಟ್ ಅನ್ನುವವರು 1920ರ ದಶಕದ ಕೊನೆಯಲ್ಲಿ ಅದನ್ನು ಮತ್ತೆ ಅಳೆದರು. ಬಿಸಿಲ ಝಳಕ್ಕೆ ಹಗಲು ದೂರದರ್ಶಕದಲ್ಲಿ ಗುರಿ ನಡುಗುತ್ತಿತ್ತು ಅಂತ ರಾತ್ರಿ ಹೊತ್ತು ಅಳೆದರು. 1930ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒಪ್ಪಿತು. ಗೆರೆ ಪೂರ್ವಕ್ಕೆ ಸರಿಯಿತು. ನೂರ ಮೂವತ್ತು ಮೈಲಿಗೂ ಉದ್ದ, ಮುಕ್ಕಾಲು ಮೈಲಿಗೂ ಕಡಿಮೆ ಅಗಲದ ಒಂದು ಪಟ್ಟಿ ಟೆಕ್ಸಾಸ್‌ಗೆ ಬಂತು.

“ಇದಕ್ಕೆ ಎಲ್ಲಿ ಬರೆಯೋಣ?” ಅಂದರು ಅಜ್ಜಿ.

“ಮೊದಲು ತೆರಿಗೆ ರಸೀದಿ ಇದ್ದರೆ ತನ್ನಿ” ಅಂದೆ.